ಮಧ್ಯಾಹ್ನದ ಲೆಕ್ಕ, ಮಧ್ಯರಾತ್ರಿಯ ಪರೀಕ್ಷೆ

ಅಮೆರಿಕದ ಮನೆಗೆ ಕರೆಂಟ್ ಎರಡು ಎಳೆಯಾಗಿ ಬರುತ್ತದೆ. ಬೀದಿಯ ಟ್ರಾನ್ಸ್‌ಫಾರ್ಮರಿನಿಂದ ಹೊರಡುವ ಮೂರು ತಂತಿಗಳಲ್ಲಿ ನಡುವಿನದು ನ್ಯೂಟ್ರಲ್. ಅದಕ್ಕೂ ಆಚೀಚಿನ ಯಾವುದೇ ಒಂದು ತಂತಿಗೂ ನಡುವೆ 120 ವೋಲ್ಟ್. ಆಚೀಚಿನ ಎರಡರ ನಡುವೆ 240 ವೋಲ್ಟ್. ದೀಪ, ಟೀವಿ, ಮಿಕ್ಸಿ ಇತ್ಯಾದಿ 120ರಲ್ಲಿ ಓಡುತ್ತವೆ. ಇಡೀ ಮನೆಯನ್ನು ತಂಪು ಮಾಡುವ ಏರ್ ಕಂಡೀಷನರ್, ಬಟ್ಟೆ ಒಣಗಿಸುವ ಯಂತ್ರ, ವಿದ್ಯುತ್ ಒಲೆ, ಕಾರಿನ ಚಾರ್ಜರ್‌ಗಳಿಗೆ 240 ಬೇಕು. ಈ ಏರ್ಪಾಡಿನ ಮೂಲಪುರುಷ ಥಾಮಸ್ ಎಡಿಸನ್. ಮೂರು ತಂತಿಯ ವ್ಯವಸ್ಥೆಗೆ ಆತನಿಗೆ ಪೇಟೆಂಟ್ ಸಿಕ್ಕಿದ್ದು 1883ರಲ್ಲಿ. ಅದೇ ವರ್ಷದ ಜುಲೈನಲ್ಲಿ ಪೆನ್ಸಿಲ್ವೇನಿಯದ ಸನ್‌ಬರಿ ಊರಿನಲ್ಲಿ ಅದು ಬಳಕೆಗೆ ಬಂತು. ಕಾರಣ ಶುದ್ಧ ಉಳಿತಾಯ. ಅಷ್ಟೇ ದೀಪ ಉರಿಸಲು ಬೇಕಾಗುತ್ತಿದ್ದ ತಾಮ್ರದಲ್ಲಿ ಶೇಕಡ 60ಕ್ಕೂ ಹೆಚ್ಚು ಉಳಿಯುತ್ತಿತ್ತು. ಎಡಿಸನ್ನನ ಡಿಸಿ ಕರೆಂಟ್ ಹೋಗಿ ಪರ್ಯಾಯ ವಿದ್ಯುತ್ತು ಬಂದರೂ ಮೂರು ತಂತಿ ಹಾಗೇ ಉಳಿಯಿತು. ಅದಕ್ಕೆ ಇಂದಿನ ಹೆಸರು ಸ್ಪ್ಲಿಟ್ ಫೇಸ್.

ತಾಮ್ರ ಉಳಿಸಲು ಹೂಡಿದ ಆ ಹಳೆಯ ಉಪಾಯ ಈಗ ಡಾಲಸ್ ಪಕ್ಕದ ಪ್ಲೇನೋ, ಫ್ರಿಸ್ಕೋದಲ್ಲೋ ಕ್ಯಾಲಿಫೋರ್ನಿಯದ ಫ್ರೀಮಾಂಟ್, ಸನಿವೇಲ್‌ಗಳಲ್ಲೋ ಮನೆ ಮಾಡಿರುವ ಕನ್ನಡಿಗರ ಸೋಲಾರ್ ಲೆಕ್ಕದಲ್ಲೂ ತಲೆ ಹಾಕುತ್ತದೆ. ಅವರ ಮುಂದೆ ಇಂದು ಸಾಲುಗಟ್ಟಿ ನಿಂತಿರುವುದು ಸ್ಪ್ಲಿಟ್ ಫೇಸ್ ಹೈಬ್ರಿಡ್ ಇನ್ವರ್ಟರ್‌ಗಳು. ಹಿಂದೆ ಮೂರು ನಾಲ್ಕು ಪೆಟ್ಟಿಗೆಗಳು ಹಂಚಿಕೊಂಡಿದ್ದ ಕೆಲಸವೆಲ್ಲ ಇಲ್ಲಿ ಒಂದರ ತಲೆಗೆ ಬಿದ್ದಿದೆ. ಚಾವಣಿಯ ಫಲಕಗಳ ಡಿಸಿ ಕರೆಂಟನ್ನು ಅದೇ ತೆಗೆದುಕೊಳ್ಳಬೇಕು, ಬ್ಯಾಟರಿಯನ್ನು ಅದೇ ತುಂಬಬೇಕು, ಮನೆಗೆ 120 ಮತ್ತು 240 ಎರಡನ್ನೂ ಅದೇ ಒದಗಿಸಬೇಕು, ಮಿಕ್ಕಿದ್ದನ್ನು ಬೀದಿಯ ಲೈನಿಗೆ ಬಿಡಬೇಕು, ಲೈನ್ ಹೋದ ಕ್ಷಣವೇ ಮನೆಯನ್ನು ಅದರಿಂದ ಬಿಡಿಸಿ ಪೂರ್ತಿ ಹೊರೆ ತಾನೇ ಹೊರಬೇಕು.

ಲೈನಿಗಷ್ಟೇ ಕಟ್ಟಿದ ಸಾಮಾನ್ಯ ಸೋಲಾರಿಗೆ ಈ ಕೊನೆಯ ಕೆಲಸ ಬರುವುದಿಲ್ಲ. ಲೈನ್ ಸತ್ತರೆ ಅದು ಎರಡು ಸೆಕೆಂಡಿನೊಳಗೆ ನಿಲ್ಲಬೇಕೆಂಬುದು ಕಟ್ಟುನಿಟ್ಟಿನ ನಿಯಮ. ದುರಸ್ತಿಗೆ ಕಂಬ ಹತ್ತಿದವನ ಜೀವ ಉಳಿಯುವುದು ಹಾಗೆ. ಸೋಲಾರ್ ಹಾಕಿಸಿದವರಲ್ಲಿ ಎಷ್ಟೋ ಮಂದಿಗೆ ಇದು ತಿಳಿಯುವುದು ಕತ್ತಲಾದ ಮೇಲೆ. 2021ರ ಫೆಬ್ರುವರಿಯ ಹಿಮಮಾರುತದಲ್ಲಿ ಟೆಕ್ಸಸ್‌ನ 45 ಲಕ್ಷಕ್ಕೂ ಹೆಚ್ಚು ಮನೆ, ಕಟ್ಟಡಗಳ ಕರೆಂಟ್ ಹೋಯಿತು. ರಾಜ್ಯದ ಅಧಿಕೃತ ಲೆಕ್ಕದಲ್ಲೇ 246 ಜನ ಸತ್ತರು. 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಹ್ಯೂಸ್ಟನ್ ಸುತ್ತ 22 ಲಕ್ಷಕ್ಕೂ ಹೆಚ್ಚು ಗ್ರಾಹಕರನ್ನು ಕತ್ತಲೆಗೆ ದೂಡಿತು. ಬ್ಯಾಟರಿ ಇಲ್ಲದ ಮನೆಗಳ ಫಲಕಗಳು ಬಿಸಿಲು ಬಂದರೂ ಸುಮ್ಮನಿರಬೇಕಾಗಿತ್ತು. ಕ್ಯಾಲಿಫೋರ್ನಿಯದ ಕಾರಣ ಬೇರೆ: 2023ರ ಏಪ್ರಿಲ್ 15ರಿಂದ ಅರ್ಜಿ ಹಾಕಿದವರಿಗೆ ಲೈನಿಗೆ ಬಿಟ್ಟ ಯೂನಿಟ್ಟಿನ ಬೆಲೆ ಸುಮಾರು ಮುಕ್ಕಾಲು ಪಾಲು ಇಳಿಯಿತು. ಹಗಲು ಮಾರಿ ರಾತ್ರಿ ಕೊಳ್ಳುವ ವ್ಯವಹಾರ ಅಲ್ಲಿಗೆ ಮುಗಿಯಿತು. ಹಗಲಿನದನ್ನು ಮನೆಯಲ್ಲೇ ಕೂಡಿಡುವುದು ಲಾಭದ ಮಾತಾಯಿತು.

ಹೀಗೆ ಬೇಡಿಕೆ ನಿಜವಾದದ್ದು, ಯಂತ್ರಗಳೂ ಸುಧಾರಿಸಿವೆ. ಟೆಸ್ಲಾದ ಪವರ್‌ವಾಲ್ 2 ಸತತವಾಗಿ 5 ಕಿಲೋವ್ಯಾಟ್ ಕೊಡುತ್ತಿತ್ತು. ಪವರ್‌ವಾಲ್ 3 ಕೊಡುವುದು 11.5. ಇಜಿ4 ಕಂಪನಿಯ 18ಕೆಪಿವಿ, ಸೋಲ್-ಆರ್ಕ್‌ನ 15ಕೆ ಮುಂತಾದವು ಬ್ಯಾಟರಿಯಿಂದಲೇ 12 ಕಿಲೋವ್ಯಾಟ್ ಒದಗಿಸುತ್ತವೆ. ಹೆಸರುಗಳನ್ನು ಒಮ್ಮೆ ಗಮನಿಸಬೇಕು: ಕತ್ತಲಲ್ಲಿ 12 ಕೊಡುವ ಯಂತ್ರಗಳ ಹೆಸರಿನಲ್ಲಿ 18 ಮತ್ತು 15 ಇವೆ. ಅದು ಸುಳ್ಳಲ್ಲ, ಫಲಕಗಳೂ ಬಿಸಿಲೂ ಜೊತೆಗಿದ್ದಾಗಿನ ಸಂಖ್ಯೆ. ಜಾಹೀರಾತಿನ ಹಾಳೆಯಲ್ಲಿರುವ ಅಂಕಿಗಳೆಲ್ಲ ಹೆಚ್ಚುಕಡಿಮೆ ಇದೇ ಜಾತಿಯವು, ಮಧ್ಯಾಹ್ನ ಹನ್ನೆರಡರ ಅಂಕಿಗಳು. ಮನೆಯವರು ಇನ್ವರ್ಟರಿನ ನಿಜವಾದ ಮುಖ ನೋಡುವುದು ಲೈನ್ ಹೋದ ಮಧ್ಯರಾತ್ರಿ. ಹೊಸ ಯಂತ್ರವೊಂದನ್ನು ಅಳೆಯುವುದಾದರೆ ಆ ಹೊತ್ತಿನಲ್ಲಿ ನಿಂತು ಅಳೆಯಬೇಕು ಎಂಬುದು ಈ ಲೇಖನದ ವಾದ.

ಎರಡು ಎಳೆಯ ಸಂಗತಿಯಿಂದಲೇ ಶುರು ಮಾಡೋಣ. ಬಹುಪಾಲು ಯಂತ್ರಗಳಲ್ಲಿ ಹಾಳೆಯ ಮೇಲಿನ ಕಿಲೋವ್ಯಾಟ್ ಎರಡೂ ಎಳೆಗಳ ಮೊತ್ತ. 6 ಕಿಲೋವ್ಯಾಟಿನದು ಎಂದರೆ ಒಂದೊಂದು ಎಳೆಗೆ 3 ಕಿಲೋವ್ಯಾಟ್, ಅಂದರೆ 120 ವೋಲ್ಟಿನಲ್ಲಿ 25 ಆಂಪಿಯರ್. 240 ವೋಲ್ಟಿನ ಉಪಕರಣ ಎರಡರಿಂದಲೂ ಸಮನಾಗಿ ಎಳೆಯುವುದರಿಂದ ತೊಂದರೆಯಿಲ್ಲ. ತಕರಾರು ಅಡುಗೆಮನೆಯದು. ಮೈಕ್ರೊವೇವ್ 1,500 ವ್ಯಾಟ್, ನೀರು ಕಾಯಿಸುವ ಕೆಟಲ್ 1,500 ವ್ಯಾಟ್. ಇವೆರಡೂ ಒಂದೇ ಎಳೆಯ ಮೇಲಿದ್ದರೆ ಆ ಎಳೆ ತುಂಬಿತು. ಅದೇ ಸಾಲಿನಲ್ಲಿ ಚಟ್ನಿಗೆಂದು ಮಿಕ್ಸಿ ಒತ್ತಿದರೆ ಸೇರುವುದು ಇನ್ನೊಂದು 600 ವ್ಯಾಟ್. ಯಂತ್ರ ಕೂಗಿಕೊಂಡು ನಿಲ್ಲುತ್ತದೆ. ಪಕ್ಕದ ಎಳೆಯಲ್ಲಿ ಹೊರೆಯೇ ಇಲ್ಲ. ಪೆಟ್ಟಿಗೆಯ ಮೇಲೆ ಬರೆದಿರುವುದು 6,000, ಸೋತದ್ದು 3,600ಕ್ಕೆ. ಅಡ್ಡೆ ಹೊತ್ತವನಿಗೆ ಎರಡು ಬುಟ್ಟಿಯ ಭಾರವನ್ನೂ ಒಂದೇ ಬುಟ್ಟಿಗೆ ಸುರಿದರೆ ಆಗುವ ಅವಸ್ಥೆ ಇದು.

ಅಮೆರಿಕದ ವಿದ್ಯುತ್ ಸಂಹಿತೆ ಅಡುಗೆಮನೆಗೆ ಕಡೇಪಕ್ಷ ಎರಡು 20 ಆಂಪಿಯರ್ ಸರ್ಕ್ಯೂಟ್ ಬೇಕೆನ್ನುತ್ತದೆ. ಅವೆರಡು ಬೇರೆ ಬೇರೆ ಎಳೆಯಲ್ಲಿರಬೇಕೆಂದು ಕಡ್ಡಾಯವಿಲ್ಲ. ಬೀದಿಯ ಲೈನ್ ಇದ್ದಾಗ ಇದು ಯಾರ ಗಮನಕ್ಕೂ ಬರುವುದಿಲ್ಲ, ಏಕೆಂದರೆ ಕಂಬದ ಟ್ರಾನ್ಸ್‌ಫಾರ್ಮರು ಇಂಥ ಓರೆಕೋರೆಗಳನ್ನು ಅನಾಯಾಸವಾಗಿ ನುಂಗಿಕೊಳ್ಳುತ್ತದೆ. ಇನ್ವರ್ಟರಿಗೆ ಆ ಸೈರಣೆ ಇಲ್ಲ. ಪರಿಹಾರವೋ ಬಹಳ ಅಗ್ಗ: ಬ್ರೇಕರ್ ಪೆಟ್ಟಿಗೆಯಲ್ಲಿ ಎರಡು ಬ್ರೇಕರ್‌ಗಳ ಜಾಗ ಬದಲಿಸಿದರೆ ಎಷ್ಟೋ ಮನೆಗಳಲ್ಲಿ ಹೊರೆ ಸಮನಾಗುತ್ತದೆ. ಆದರೂ ಮಾರಾಟಗಾರ ಸಾಮಾನ್ಯವಾಗಿ ಹೇಳುವುದು ಇನ್ನೊಂದು ಇನ್ವರ್ಟರ್ ಕೊಳ್ಳಿ ಎಂದು. ಹೊಸ ಯಂತ್ರದ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಆದ್ದರಿಂದ ಒಟ್ಟು ಕಿಲೋವ್ಯಾಟ್ ಎಷ್ಟು ಎಂಬುದಲ್ಲ. ಒಂದೇ ಎಳೆಯಿಂದ ಸತತವಾಗಿ ಎಷ್ಟು ಆಂಪಿಯರ್ ಸಿಗುತ್ತದೆ, ಎರಡರ ನಡುವೆ ಎಷ್ಟು ಏರುಪೇರನ್ನು ತಾಳುತ್ತದೆ ಎಂಬುದು. ಇದಕ್ಕೆ ಉತ್ತರ ಕೈಪಿಡಿಯಲ್ಲೇ ಇಲ್ಲದಿದ್ದರೆ ಅದನ್ನೂ ಒಂದು ಉತ್ತರವೆಂದೇ ತಿಳಿಯಬಹುದು.

ನ್ಯೂಟ್ರಲ್ ಎಲ್ಲಿಂದ ಹುಟ್ಟುತ್ತದೆ ಎಂಬುದೂ ಇದಕ್ಕೆ ಅಂಟಿಕೊಂಡ ವಿಷಯ. ಕೆಲವು ಯಂತ್ರಗಳು ಎರಡು ಎಳೆಗಳನ್ನೂ ಒಳಗೇ ಪ್ರತ್ಯೇಕವಾಗಿ ರೂಪಿಸುತ್ತವೆ. ಇನ್ನು ಕೆಲವು ಬರೀ 240 ವೋಲ್ಟ್ ಕೊಟ್ಟು, ಆಟೋಟ್ರಾನ್ಸ್‌ಫಾರ್ಮರ್ ಎಂಬ ತಾಮ್ರದ ಸುರುಳಿಯಿಂದ ಅದನ್ನು ನಡುವೆ ಸೀಳಿಸುತ್ತವೆ; ವಿಕ್ಟ್ರಾನ್ ಕಂಪನಿ ಇದಕ್ಕೆಂದೇ 32 ಮತ್ತು 100 ಆಂಪಿಯರಿನ ಸುರುಳಿಗಳನ್ನು ಮಾರುತ್ತದೆ. ಎರಡನೆಯ ದಾರಿ ಭಾರದ್ದು, ಸದ್ದಿನದು, ಆದರೆ ಓರೆ ಹೊರೆಯನ್ನು ಹಂಚುವುದರಲ್ಲಿ ಒಳ್ಳೆಯದು. ಎರಡರಲ್ಲೂ ಭಯಪಡಬೇಕಾದ್ದು ಒಂದೇ: ನ್ಯೂಟ್ರಲ್ ಕಡಿದುಹೋಗುವುದು. ಆಗ 240 ವೋಲ್ಟ್ ಎರಡೂ ಕಡೆಯ ಹೊರೆಗೆ ತಕ್ಕಂತೆ ತಲೆಕೆಳಗಾಗಿ ಹಂಚಿಕೆಯಾಗುತ್ತದೆ. ಒಂದು ಕಡೆ 1,000 ವ್ಯಾಟಿನ ಹೀಟರ್, ಇನ್ನೊಂದು ಕಡೆ 500 ವ್ಯಾಟಿನದು ಓಡುತ್ತಿದ್ದರೆ ದೊಡ್ಡದಕ್ಕೆ 80 ವೋಲ್ಟ್, ಚಿಕ್ಕದಕ್ಕೆ 160. ಆ ಚಿಕ್ಕ ಹೊರೆಯ ಎಳೆಯಲ್ಲಿ ಟೀವಿ, ಮೋಡೆಮ್, ಫ್ರಿಜ್ಜಿನ ಎಲೆಕ್ಟ್ರಾನಿಕ್ಸ್ ಇದ್ದರೆ ಅವುಗಳ ಆಯಸ್ಸು ಮುಗಿದಂತೆ. ಇಂಥ ಸಂದರ್ಭವನ್ನು ಗುರುತಿಸಿ ಯಂತ್ರ ತಕ್ಷಣ ನಿಲ್ಲುತ್ತದೆಯೇ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಬೇಕು.

ಏರ್ ಕಂಡೀಷನರಿನದು ಇನ್ನೊಂದು ಬಗೆಯ ಪರೀಕ್ಷೆ. ಓಡುತ್ತಿರುವಾಗ 3 ಕಿಲೋವ್ಯಾಟ್ ತಿನ್ನುವ ಕಂಪ್ರೆಸರ್, ಶುರುವಾಗುವ ಅರೆಕ್ಷಣದಲ್ಲಿ ಅದರ ಐದಾರು ಪಟ್ಟು ಕರೆಂಟ್ ಕೇಳುತ್ತದೆ. ಜಾಹೀರಾತಿನಲ್ಲಿ ‘ಕ್ಷಣಿಕ ಸಾಮರ್ಥ್ಯ ಎರಡು ಪಟ್ಟು’ ಎಂದಿರುತ್ತದೆ. ಎಷ್ಟು ಸೆಕೆಂಡು, ಯಾವ ತಾಪಮಾನದಲ್ಲಿ, ಬ್ಯಾಟರಿ ಎಷ್ಟು ತುಂಬಿದ್ದಾಗ ಎಂಬುದು ಇರುವುದಿಲ್ಲ. ಈ ವಿಷಯದಲ್ಲಿ ಟೆಸ್ಲಾದ ಪದ್ಧತಿ ಮೆಚ್ಚುವಂಥದು: ಎಷ್ಟು ಆಂಪಿಯರಿನ ಮೋಟಾರನ್ನು ಎಬ್ಬಿಸಬಲ್ಲೆ ಎಂದು ಪವರ್‌ವಾಲ್ 3ರ ಹಾಳೆ ಸ್ಪಷ್ಟವಾಗಿ 185 ಎಂದು ಹೇಳುತ್ತದೆ. ಏರ್ ಕಂಡೀಷನರಿನ ಹೊರ ಪೆಟ್ಟಿಗೆಗೆ ಅಂಟಿಸಿದ ಲೋಹದ ಪಟ್ಟಿಯ ಮೇಲೆ, ಮೋಟಾರು ಏಳುವಾಗ ಎಳೆಯುವ ಆಂಪಿಯರನ್ನು ಹೇಳುವ ‘ಎಲ್‌ಆರ್‌ಎ’ ಎಂಬ ಅಂಕಿ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮನೆಯವರೇ ಹೋಲಿಸಿಕೊಳ್ಳಬಹುದು. ಸಾಲದಿದ್ದರೆ ಮೋಟಾರನ್ನು ಮೆಲ್ಲಗೆ ಎಬ್ಬಿಸುವ ಸಾಫ್ಟ್ ಸ್ಟಾರ್ಟರ್ ಹಾಕಿಸುವುದು ದೊಡ್ಡ ಇನ್ವರ್ಟರ್ ಕೊಳ್ಳುವುದಕ್ಕಿಂತ ಜಾಣತನ.

ಇಷ್ಟೆಲ್ಲ ದೊಡ್ಡ ಹೊರೆಯ ಕಥೆ. ಹೆಚ್ಚಿನ ಮೋಸ ನಡೆಯುವುದು ಸಣ್ಣ ಹೊರೆಯಲ್ಲಿ.

ಕ್ಯಾಲಿಫೋರ್ನಿಯ ಇಂಧನ ಆಯೋಗ ಇನ್ವರ್ಟರುಗಳ ದಕ್ಷತೆಯನ್ನು ಅಳೆಯಲು ಒಂದು ಸೂತ್ರ ಮಾಡಿದೆ. ಯಂತ್ರದ ಸಾಮರ್ಥ್ಯದ ಶೇಕಡ 10, 20, 30, 50, 75, 100ರಷ್ಟು ಹೊರೆ ಹಾಕಿ ಅಳೆದು, ಒಂದೊಂದಕ್ಕೂ ಬೇರೆ ಬೇರೆ ತೂಕ ಕೊಡುತ್ತಾರೆ. ಶೇಕಡ 75ರ ಅಳತೆಗೆ ಸಿಗುವ ತೂಕ 53. ಶೇಕಡ 10ರದಕ್ಕೆ ಬರೀ 4. ಬಿಸಿಲಿನ ನಾಡಿನಲ್ಲಿ ಚಾವಣಿಯಿಂದ ನೇರ ಲೈನಿಗೆ ಕರೆಂಟ್ ಬಿಡುವ ಯಂತ್ರಕ್ಕೆ ಇದು ಸರಿಯಾದ ತಕ್ಕಡಿ. ಬ್ಯಾಟರಿಯಿಂದ ಮನೆ ನಡೆಸುವ ಯಂತ್ರಕ್ಕಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಫ್ರಿಜ್, ವೈಫೈ, ಎರಡು ಫ್ಯಾನು, ಅಲ್ಲೊಂದು ಇಲ್ಲೊಂದು ದೀಪ ಸೇರಿ ಸುಮಾರು 400 ವ್ಯಾಟ್ ಎನ್ನಿ. 12 ಕಿಲೋವ್ಯಾಟಿನ ಇನ್ವರ್ಟರಿಗೆ ಅದು ಶೇಕಡ 3ರ ಚಿಲ್ಲರೆ ಹೊರೆ. ಆಯೋಗದ ಸೂತ್ರ ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಹಾಳೆಯ ಮೇಲೆ ಹೊಳೆಯುವ ಶೇಕಡ 97ಕ್ಕೂ ಮನೆಯ ರಾತ್ರಿಗೂ ಸಂಬಂಧವಿಲ್ಲ ಎಂದಾಯಿತು.

ರಾತ್ರಿಯನ್ನು ನಿರ್ಧರಿಸುವುದು ಖಾಲಿ ಓಟದ ಖರ್ಚು, ಎಂದರೆ ಏನೂ ಕೆಲಸ ಮಾಡದೆ ಎಚ್ಚರವಿರುವುದಕ್ಕೇ ಯಂತ್ರ ತಿನ್ನುವ ಕರೆಂಟ್. ಅದು 60 ವ್ಯಾಟ್ ಎಂದಿಟ್ಟುಕೊಂಡರೆ ದಿನಕ್ಕೆ 1.44 ಯೂನಿಟ್, ವರ್ಷಕ್ಕೆ 525 ಯೂನಿಟ್ಟಿಗೂ ಹೆಚ್ಚು. 51.2 ವೋಲ್ಟ್, 100 ಆಂಪಿಯರ್ ಅವರ್‌ನ ಒಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಿಡಿಯುವುದು 5.12 ಯೂನಿಟ್, ಅದರ ಕಾಲು ಭಾಗಕ್ಕೂ ಹೆಚ್ಚನ್ನು ಇನ್ವರ್ಟರ್ ತಾನೇ ತಿಂದು ಕೂರುತ್ತದೆ. ಇಂಥ ಎರಡು ಯಂತ್ರಗಳನ್ನು ಜೋಡಿಸಿದರೆ ಅರ್ಧಕ್ಕೂ ಮಿಗಿಲು. ಕಿಲೋವ್ಯಾಟ್ ಜಾಸ್ತಿಯಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ನೆಲಕಚ್ಚುತ್ತದೆ. ದೊಡ್ಡ ಯಂತ್ರ ಸಾಮಾನ್ಯವಾಗಿ ಖಾಲಿ ಓಟದಲ್ಲೂ ದೊಡ್ಡ ಹೊಟ್ಟೆಯದೇ. ಮೂರು ದಿನ ಕರೆಂಟ್ ಬಾರದಿದ್ದಾಗ ಎರಡು ಬ್ಯಾಟರಿಯ ಮನೆಯೊಂದು ಮೂರನೆಯ ರಾತ್ರಿ ದಾಟುತ್ತದೆಯೋ ಇಲ್ಲವೋ ಎಂಬುದನ್ನು ಹೇಳುವುದು 12 ಕಿಲೋವ್ಯಾಟ್ ಎಂಬ ಹೆಮ್ಮೆಯಲ್ಲ, ಈ 60 ವ್ಯಾಟಿನ ಸೋರಿಕೆ.

ಬ್ಯಾಟರಿಗೆ ಹೋಗಿ ಬರುವ ಸುಂಕ ಬೇರೆ. ಪವರ್‌ವಾಲ್ 3ರ ಹಾಳೆ ಎರಡು ಅಂಕಿ ಕೊಡುತ್ತದೆ: ಫಲಕದಿಂದ ನೇರ ಮನೆಗೆ ಬಂದರೆ ಶೇಕಡ 97.5, ಬ್ಯಾಟರಿಯಲ್ಲಿ ತಂಗಿ ಬಂದರೆ ಶೇಕಡ 89. ಎರಡನ್ನೂ ಮುದ್ರಿಸುವ ಕಂಪನಿಗಳು ಕಡಿಮೆ. ಒಂದನ್ನೇ ಕೊಟ್ಟವರು ಯಾವುದನ್ನು ಕೊಟ್ಟಿರುತ್ತಾರೆಂದು ಊಹಿಸಲು ಕಷ್ಟಪಡಬೇಕಾಗಿಲ್ಲ.

ಚಳಿಯ ಬೆಳಗನ್ನೂ ಲೆಕ್ಕಕ್ಕೆ ತಂದುಕೊಳ್ಳಬೇಕು. ಸೋಲಾರ್ ಫಲಕದ ವೋಲ್ಟೇಜು ತಾಪಮಾನ ಇಳಿದಂತೆ ಏರುತ್ತದೆ, ಒಂದೊಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡ 0.28ರಷ್ಟು. ಫಲಕದ ಹಿಂದೆ ಬರೆದಿರುವುದು 25 ಡಿಗ್ರಿಯಲ್ಲಿ ಅಳೆದ ಅಂಕಿ. 49 ವೋಲ್ಟಿನ ಹತ್ತು ಫಲಕಗಳನ್ನು ಸಾಲಾಗಿ ಪೋಣಿಸಿದರೆ 490 ವೋಲ್ಟ್. 500 ವೋಲ್ಟ್ ಮಿತಿಯ ಇನ್ವರ್ಟರಿಗೆ ಸರಿಹೋಯಿತು ಎನಿಸುತ್ತದೆ. 2021ರ ಫೆಬ್ರುವರಿ 16ರಂದು ಡಾಲಸ್ ವಿಮಾನ ನಿಲ್ದಾಣದಲ್ಲಿ ತಾಪಮಾನ ಸೊನ್ನೆಗಿಂತ 19 ಡಿಗ್ರಿ ಕೆಳಗಿಳಿದಿತ್ತು. ಅಂಥ ಬೆಳಗ್ಗೆ ಮೊದಲ ಬಿಸಿಲು ಬಿದ್ದಾಗ ಅದೇ ಸಾಲು ಕೊಡುವುದು ಸುಮಾರು 550 ವೋಲ್ಟ್. ಇನ್ವರ್ಟರ್ ಸುಡಬಹುದು, ಅದೂ ಕರೆಂಟ್ ಎಲ್ಲಕ್ಕಿಂತ ಹೆಚ್ಚು ಬೇಕಾದ ದಿನ. ಮಿತಿಮೀರಿದ ವೋಲ್ಟೇಜಿನಿಂದ ಸುಟ್ಟಿದ್ದಕ್ಕೆ ವಾರಂಟಿ ಸಿಗುವುದಿಲ್ಲ. ಟೆಕ್ಸಸ್ ಬಿಸಿಯ ಸೀಮೆ, ಅಲ್ಲಿ ಚಳಿಯ ಲೆಕ್ಕ ಯಾಕೆ ಎನ್ನುವ ಗುತ್ತಿಗೆದಾರನನ್ನು ಅಲ್ಲಿಂದಲೇ ಹಿಂದಕ್ಕೆ ಕಳಿಸಬಹುದು. ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಬಗೆಯ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು ಎಂಬುದೂ ಇಲ್ಲೇ ನೆನಪಿಡಬೇಕಾದದ್ದು. ಬ್ಯಾಟರಿಯ ಒಳಗೆ ಹೀಟರ್ ಇದೆಯೇ, ಅದರ ಅಳತೆಗಳನ್ನು ಇನ್ವರ್ಟರ್ ಓದಿ ಅದರಂತೆ ನಡೆಯುತ್ತದೆಯೇ ಎಂದು ಕೇಳದೆ ಗ್ಯಾರೇಜಿನ ಗೋಡೆಗೆ ತೂಗುಹಾಕಬಾರದು. ಬೇಸಗೆಯಲ್ಲಿ ಅದೇ ಗ್ಯಾರೇಜು ಕಾದು ಒಲೆಯಾಗುತ್ತದೆ. ಅನೇಕ ಯಂತ್ರಗಳು 45 ಡಿಗ್ರಿ ದಾಟಿದ ಮೇಲೆ ತಾವಾಗಿಯೇ ಸಾಮರ್ಥ್ಯ ತಗ್ಗಿಸಿಕೊಳ್ಳುತ್ತವೆ.

‘ಎಲ್ಲವೂ ಒಂದರಲ್ಲೇ’ ಎಂಬ ಘೋಷಣೆಯನ್ನೂ ಸ್ವಲ್ಪ ಬಿಡಿಸಿ ನೋಡಬೇಕು. 18ಕೆಪಿವಿ, 15ಕೆಯಂಥವು 200 ಆಂಪಿಯರನ್ನು ತಮ್ಮೊಳಗಿನಿಂದಲೇ ಹಾಯಿಸಬಲ್ಲವು, ಎಂದರೆ ಬೀದಿಯಿಂದ ಬರುವ ಇಡೀ ಮನೆಯ ಕರೆಂಟ್ ಈ ಪೆಟ್ಟಿಗೆಯ ಮೂಲಕವೇ ಒಳಬರಬಹುದು. ತಂತಿ ಕಡಿಮೆ, ಕೂಲಿ ಕಡಿಮೆ, ಗೋಡೆಯೂ ಚೆನ್ನಾಗಿ ಕಾಣುತ್ತದೆ. ಆದರೆ ಪೆಟ್ಟಿಗೆ ಕೆಟ್ಟ ದಿನ ಸೋಲಾರೂ ಇಲ್ಲ, ಬ್ಯಾಟರಿಯೂ ಇಲ್ಲ, ಬೀದಿಯಲ್ಲಿ ಕರೆಂಟಿದ್ದರೂ ಮನೆಯಲ್ಲಿಲ್ಲ. ಬದಲಿ ಯಂತ್ರ ಬರುವ ತನಕ ಫ್ರಿಜ್ಜಿನ ಹಾಲು ಒಡೆಯುತ್ತಿರುತ್ತದೆ. ಟೆಸ್ಲಾ ಈ ವಿಷಯದಲ್ಲಿ ಲೈನ್ ಬಿಡಿಸುವ ಕೆಲಸವನ್ನು ಬೇರೊಂದು ಪೆಟ್ಟಿಗೆಗೆ ವಹಿಸಿದೆ. ಉಳಿದವುಗಳಿಗೆ ಕೈಯಿಂದ ತಿರುಗಿಸುವ ಒಂದು ಬೈಪಾಸ್ ಸ್ವಿಚ್ ಸಾಕು: ಇನ್ವರ್ಟರನ್ನು ಪಕ್ಕಕ್ಕಿಟ್ಟು ಮನೆಯನ್ನು ನೇರ ಬೀದಿಗೆ ಜೋಡಿಸುವುದು. ಅಂದಾಜುಪಟ್ಟಿಯಿಂದ ಖರ್ಚು ಇಳಿಸಲು ಮೊದಲು ಕತ್ತರಿ ಬೀಳುವುದು ಇದಕ್ಕೇ. ಇದನ್ನು ಬಿಟ್ಟು ಬರೆದ ಅಂದಾಜನ್ನು ಒಪ್ಪಬಾರದು.

ಪ್ರಮಾಣಪತ್ರಗಳ ಬಗ್ಗೆ ಹೆಚ್ಚು ಬೆಳೆಸುವುದು ಬೇಡ, ಮುಖ್ಯವಾದದ್ದು ಎರಡೇ. ಲೈನಿಗೆ ಜೋಡಿಸಲು ‘ಯುಎಲ್ 1741’ರ ಎಸ್‌ಬಿ ಭಾಗದ ಮಾನ್ಯತೆ ಬೇಕು; ಲೈನಿನಲ್ಲಿ ವೋಲ್ಟೇಜು, ಫ್ರೀಕ್ವೆನ್ಸಿ ಸ್ವಲ್ಪ ಅಲುಗಾಡಿದಾಗ ಹೆದರಿ ಓಡದೆ ಜೊತೆಗೆ ನಿಲ್ಲುವ ಗುಣ ಅದರಲ್ಲಿ ಪರೀಕ್ಷೆಯಾಗುತ್ತದೆ. ಎರಡನೆಯದು ‘ಯುಎಲ್ 9540’. ಇದರಲ್ಲಿ ಎಡವುವವರು ಬಹಳ. ಬ್ಯಾಟರಿಗೊಂದು, ಇನ್ವರ್ಟರಿಗೊಂದು ಪ್ರತ್ಯೇಕ ಮಾನ್ಯತೆ ಇದ್ದರೆ ಸಾಲದು, ಈ ಬ್ಯಾಟರಿ ಈ ಇನ್ವರ್ಟರಿನ ಜೊತೆಗೆ ಎಂದು ಜೋಡಿಗೆ ಮಾನ್ಯತೆ ಇರಬೇಕು. ಹೊಸ ಇನ್ವರ್ಟರಿನ ಜೋಡಿಗಳ ಪಟ್ಟಿ ಚಿಕ್ಕದಿರುತ್ತದೆ. ‘ಯಾವ ಬ್ಯಾಟರಿಯಾದರೂ ನಡೆಯುತ್ತದೆ’ ಎಂಬ ಮಾತು ತಂತಿ ಸೇರಿಸುವ ಮಟ್ಟಿಗೆ ನಿಜ, ನಗರಸಭೆಯ ಪರಿಶೀಲಕನ ಮುಂದೆ ಅಲ್ಲ. ಮಾನ್ಯವಾದ ಯಂತ್ರಗಳ ಪಟ್ಟಿಯನ್ನು ಕ್ಯಾಲಿಫೋರ್ನಿಯ ಇಂಧನ ಆಯೋಗ ಸಾರ್ವಜನಿಕವಾಗಿ ಇಟ್ಟಿದೆ. ಬೇರೆ ರಾಜ್ಯದವರೂ ಅದನ್ನು ತೆರೆದು ನೋಡಬಹುದು.

ಯಂತ್ರ ಇಷ್ಟೆಲ್ಲ ಪರೀಕ್ಷೆಯಲ್ಲಿ ಗೆದ್ದರೂ ಅದರ ಬೀಗದ ಕೈ ಯಾರ ಬಳಿ ಎಂಬ ಪ್ರಶ್ನೆ ಉಳಿಯುತ್ತದೆ. 2024ರ ನವೆಂಬರಿನಲ್ಲಿ ಅಮೆರಿಕದ ಕೆಲವು ಮನೆಗಳಲ್ಲಿ ಚೀನಾದ ಡೇ ಕಂಪನಿಯ ಹೆಸರಿನ ಇನ್ವರ್ಟರುಗಳು ಇದ್ದಕ್ಕಿದ್ದಂತೆ ನಿಂತು, ಈ ದೇಶದಲ್ಲಿ ಬಳಸಲು ಅನುಮತಿಯಿಲ್ಲ ಎಂಬ ಸಂದೇಶ ತೋರಿಸಿದವು. ಅಮೆರಿಕದ ಮಾರಾಟದ ಹಕ್ಕು ಸೋಲ್-ಆರ್ಕ್ ಬಳಿ ಇದ್ದುದರಿಂದ ಅವು ಅಧಿಕೃತ ದಾರಿಯಲ್ಲಿ ಬಂದವಾಗಿರಲಿಲ್ಲ. ವ್ಯಾಪಾರದ ವ್ಯಾಜ್ಯದಲ್ಲಿ ನ್ಯಾಯ ಯಾರ ಕಡೆಗಾದರೂ ಇರಲಿ, ದುಡ್ಡು ಕೊಟ್ಟು ಗೋಡೆಗೆ ಬಿಗಿಸಿಕೊಂಡ ಯಂತ್ರವನ್ನು ಸಾವಿರಾರು ಮೈಲಿ ದೂರದಿಂದ ಆರಿಸಬಹುದು ಎಂಬುದು ಅಂದು ಎಲ್ಲರಿಗೂ ಗೊತ್ತಾಯಿತು. ಇಂಟರ್‌ನೆಟ್ ತಂತಿ ಕಿತ್ತರೆ ಯಂತ್ರ ಪೂರ್ತಿಯಾಗಿ ಓಡುತ್ತದೆಯೇ, ಎಲ್ಲ ಸೆಟ್ಟಿಂಗುಗಳನ್ನೂ ಮುಂದಿನ ಪರದೆಯಿಂದಲೇ ಬದಲಿಸಬಹುದೇ, ಸಾಫ್ಟ್‌ವೇರ್ ಬದಲಾವಣೆಯನ್ನು ಮಾಲೀಕ ಬೇಡವೆನ್ನಬಹುದೇ? ದಿನವಿಡೀ ಸಾಫ್ಟ್‌ವೇರ್ ಬರೆಯುವವರೇ ತುಂಬಿರುವ ಕನ್ನಡಿಗರ ಬಡಾವಣೆಗಳಲ್ಲಿ ಈ ಪ್ರಶ್ನೆಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕಚೇರಿಯ ಸರ್ವರಿಗೆ ತೋರುವ ಎಚ್ಚರವನ್ನು ಮನೆಯ ಗೋಡೆಗೆ ತೋರುವವರು ವಿರಳ.

ಇದಕ್ಕೆ ಎದುರು ವಾದವಿದೆ, ಅದು ಹಗುರವಾದದ್ದೂ ಅಲ್ಲ. ಸಾಮಾನ್ಯ ಮನೆಯವರು ಆಂಪಿಯರು, ನ್ಯೂಟ್ರಲ್ಲು ಎಂದು ತಲೆ ಕೆಡಿಸಿಕೊಳ್ಳಬೇಕೇ? ಅದಕ್ಕೇ ಅಲ್ಲವೇ ಪರವಾನಗಿ ಪಡೆದ ಗುತ್ತಿಗೆದಾರ, ಹತ್ತು ವರ್ಷದ ವಾರಂಟಿ ಇರುವುದು? ಒಳ್ಳೆಯ ಗುತ್ತಿಗೆದಾರ ಸಿಕ್ಕರೆ ಅರ್ಧ ಗೆದ್ದಂತೆ ಎಂಬುದು ನಿಜ. ಆದರೆ ಹತ್ತು ವರ್ಷದ ವಾರಂಟಿಗೆ ಹತ್ತು ವರ್ಷ ಬದುಕುವ ಕಂಪನಿ ಬೇಕು. ದಶಕಗಳ ಹೆಸರಿದ್ದ ಸನ್‌ಪವರ್ 2024ರ ಆಗಸ್ಟಿನಲ್ಲಿ ದಿವಾಳಿ ಅರ್ಜಿ ಹಾಕಿತು. ಸನ್ನೋವಾ 2025ರ ಜೂನ್‌ನಲ್ಲಿ. ಎಲ್‌ಜಿಯಂಥ ದೈತ್ಯ ಸೋಲಾರ್ ಫಲಕಗಳ ವ್ಯಾಪಾರದಿಂದ ಕೈತೊಳೆದುಕೊಳ್ಳುವುದಾಗಿ 2022ರಲ್ಲೇ ಪ್ರಕಟಿಸಿತು. ಇದರ ಮೇಲೆ, ಸೋಲಾರ್ ಹಾಕಿಸಿದ ಖರ್ಚಿಗೆ ಒಕ್ಕೂಟ ಸರ್ಕಾರ ಕೊಡುತ್ತಿದ್ದ ಶೇಕಡ 30ರ ತೆರಿಗೆ ವಿನಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. 20,000 ಡಾಲರಿನ ಕೆಲಸಕ್ಕೆ 6,000 ಡಾಲರ್ ಮರಳಿ ಬರುತ್ತಿದ್ದಾಗ ತಪ್ಪು ಆಯ್ಕೆಯ ಪೆಟ್ಟನ್ನು ಸರ್ಕಾರವೂ ಹಂಚಿಕೊಳ್ಳುತ್ತಿತ್ತು. ಈಗ ಅದು ಪೂರ್ತಿ ಮನೆಯವರದೇ. ಪ್ರಶ್ನೆ ಕೇಳುವ ಹೊಣೆ ಕೊಳ್ಳುವವರ ಮೇಲೆ ಮೊದಲಿಗಿಂತ ಹೆಚ್ಚಾಗಿ ಬಿದ್ದಿದೆ.

ಇನ್ನೊಂದು ಮಾತು ಊರಿನ ಕಡೆಗೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಮನೆ ಕಟ್ಟಿಸುತ್ತಿರುವ ಅನಿವಾಸಿಗಳಿಗೆ ಇಲ್ಲಿ ಮೆಚ್ಚಿದ ಯಂತ್ರವನ್ನೇ ಅಲ್ಲಿಗೂ ಒಯ್ಯುವ ಆಸೆ ಹುಟ್ಟುವುದುಂಟು. 240 ವೋಲ್ಟ್ ಎಂದರೆ ನಮ್ಮ 230ಕ್ಕೆ ಹತ್ತಿರವೇ ಅಲ್ಲವೇ ಎಂಬ ತರ್ಕ ಕೇಳಲು ಚೆನ್ನ. ಆದರೆ ಸ್ಪ್ಲಿಟ್ ಫೇಸ್ ಯಂತ್ರದ 240ರಲ್ಲಿ ಎರಡು ತಂತಿಯಲ್ಲೂ ಕರೆಂಟಿರುತ್ತದೆ, ನ್ಯೂಟ್ರಲ್ ಅವೆರಡರ ನಡುವೆ ಇದೆ. ಕರ್ನಾಟಕದ ಮನೆಗೆ ಬರುವ 230ರಲ್ಲಿ ಒಂದು ಫೇಸು, ಇನ್ನೊಂದು ನ್ಯೂಟ್ರಲ್. ಅಮೆರಿಕದ್ದು 60 ಹರ್ಟ್ಸ್‌ಗೆ ಕಟ್ಟಿದ ವ್ಯವಸ್ಥೆ, ಕರ್ನಾಟಕದ್ದು 50ರದು. ಆ ಮನೆಗೆ ಬೇಕಾದ್ದು ಸಿಂಗಲ್ ಫೇಸಿನದೋ ತ್ರೀ ಫೇಸಿನದೋ ಆದ ಬೇರೆಯೇ ಹೈಬ್ರಿಡ್, ಅವು ಭಾರತದಲ್ಲೇ ಸಿಗುತ್ತವೆ. ಹಣದ ಲೆಕ್ಕವೂ ಬೇರೆ. ಕೇಂದ್ರದ ಸೂರ್ಯಘರ್ ಯೋಜನೆಯ ಗರಿಷ್ಠ 78,000 ರೂಪಾಯಿ ಸಹಾಯಧನ ಸೋಲಾರ್ ಸಾಮರ್ಥ್ಯಕ್ಕೆ ಸಿಗುವಂಥದು, ಬ್ಯಾಟರಿಗಲ್ಲ. ಆದರೆ ಖಾಲಿ ಓಟದ ಖರ್ಚು, ಬೈಪಾಸ್ ಸ್ವಿಚ್, ಬೀಗದ ಕೈಯ ಪ್ರಶ್ನೆಗಳು ಅಲ್ಲಿಗೂ ಪೂರ್ತಿಯಾಗಿ ಅನ್ವಯಿಸುತ್ತವೆ.

ಹಾಗಾದರೆ ಹೊಸ ಮಾದರಿಯನ್ನು ಕೊಳ್ಳಬಾರದೇ? ಮಾರುಕಟ್ಟೆಗೆ ಬಂದು ಒಂದು ಬೇಸಗೆ, ಒಂದು ಚಳಿಗಾಲ ಕಳೆಯದ ಯಂತ್ರವನ್ನು, ಅದು ಎಷ್ಟೇ ದೊಡ್ಡ ಹೆಸರಿನದಾಗಿರಲಿ, ಮನೆಯ ಏಕೈಕ ಆಧಾರವಾಗಿ ಕಟ್ಟಿಕೊಳ್ಳಬಾರದು. ಮೊದಲ ವರ್ಷದ ಸಾಫ್ಟ್‌ವೇರ್ ದೋಷಗಳನ್ನು ಹುಡುಕಿ ಕೊಡುವ ಕೆಲಸಕ್ಕೆ ಕಂಪನಿ ಸಂಬಳ ಕೊಡುವುದಿಲ್ಲ. ಆ ಅವಧಿ ದಾಟಿದ್ದರೆ ಕೊಳ್ಳಬಹುದು, ಮಧ್ಯಮ ಗಾತ್ರದ್ದು ಸಾಕು. ಇಡೀ ಮನೆಯನ್ನು ಹೊರುವ ಹಟ ಬಿಟ್ಟು ಫ್ರಿಜ್, ದೀಪ, ಇಂಟರ್‌ನೆಟ್, ಎರಡು ಎಳೆಗೆ ಹಂಚಿದ ಅಡುಗೆಮನೆ, ಚಳಿಗಾಲದ ಗ್ಯಾಸ್ ಹೀಟರಿನ ಫ್ಯಾನು, ಸಾಫ್ಟ್ ಸ್ಟಾರ್ಟರ್ ಹಾಕಿದ ಒಂದು ಏರ್ ಕಂಡೀಷನರ್ ಎಂದು ಆರಿಸಿಕೊಂಡರೆ ಬಹುಪಾಲು ಕುಟುಂಬಗಳಿಗೆ 6ರಿಂದ 8 ಕಿಲೋವ್ಯಾಟಿನ ಯಂತ್ರ ಧಾರಾಳ. ದೊಡ್ಡ ಇನ್ವರ್ಟರಿನಲ್ಲಿ ಉಳಿಸಿದ ಹಣವನ್ನು ಇನ್ನೊಂದು ಬ್ಯಾಟರಿಗೆ ಹಾಕಬೇಕು. ಮೂರನೆಯ ರಾತ್ರಿ ಕೆಲಸಕ್ಕೆ ಬರುವುದು ಅದು.

ಒಪ್ಪಂದಕ್ಕೆ ಸಹಿ ಹಾಕುವಾಗ ಒಂದು ಷರತ್ತನ್ನು ಬರೆಸಿಕೊಳ್ಳಿ. ಕೆಲಸ ಮುಗಿದ ದಿನ ಸಂಜೆ, ಬಿಸಿಲು ಇಳಿದ ಮೇಲೆ, ಏರ್ ಕಂಡೀಷನರ್ ಓಡುತ್ತಿರುವಾಗ ಗುತ್ತಿಗೆದಾರನೇ ಮುಖ್ಯ ಬ್ರೇಕರ್ ಇಳಿಸಬೇಕು. ಕಂಪ್ಯೂಟರ್ ಆರಬಾರದು. ಏರ್ ಕಂಡೀಷನರನ್ನು ನಿಲ್ಲಿಸಿ ಮತ್ತೆ ಎಬ್ಬಿಸಬೇಕು. ಅಡುಗೆಮನೆಯ ಮೈಕ್ರೊವೇವ್, ಕೆಟಲ್, ಮಿಕ್ಸಿ ಮೂರನ್ನೂ ಒಟ್ಟಿಗೆ ಓಡಿಸಿ ಎರಡೂ ಎಳೆಗಳ ವೋಲ್ಟೇಜನ್ನು ಮೀಟರಿನಲ್ಲಿ ತೋರಿಸಬೇಕು. ಇಂಟರ್‌ನೆಟ್ ತಂತಿ ಕಿತ್ತು ಅದನ್ನೇ ಇನ್ನೊಮ್ಮೆ ಮಾಡಬೇಕು. ಕೊನೆಗೆ ಬೈಪಾಸ್ ಸ್ವಿಚ್ ತಿರುಗಿಸಿ, ಮುಖ್ಯ ಬ್ರೇಕರ್ ಮತ್ತೆ ಏರಿಸಿ ಮನೆ ಬೀದಿಯ ಕರೆಂಟಿನಲ್ಲಿ ಓಡುವುದನ್ನು ನೋಡಬೇಕು. ಇಷ್ಟಕ್ಕೆ ಒಂದು ಗಂಟೆ ಸಾಕು. ಕೊನೆಯ ಕಂತಿನ ಚೆಕ್ಕನ್ನು ಅದಾದ ಮೇಲೆ ಬರೆಯಿರಿ.